ಉಪ್ಪಳಿಗೆಯನ್ನು ಕಡಿದು ವನಮಹೋತ್ಸವವೆ?

ಮಳೆಗಾಲ ಹಿಡಿಯಿತೆಂದರೆ ನಮ್ಮ ಜಿಲ್ಲೆಯಲ್ಲಿ ಗಿಡ ನೆಡುವ ಸಮಾರಂಭಗಳ ಸುಗ್ಗಿ. ಜೂನ್ 5ರ ಪರಿಸರ ದಿನದಿಂದ ತೊಡಗಿ ಜುಲಾಯಿ ಮೊದಲ ವಾರದ ವನಮಹೋತ್ಸವದ ವರೆಗೆ ಶಾಲೆಗಳು, ಪಂಚಾಯತುಗಳು, ಯುವಕ ಮಂಡಲಗಳು, ಮಹಿಳಾ ಸಂಘಗಳು ಎಲ್ಲವೂ ಈ ಕಾರ್ಯದಲ್ಲಿ ಪಾಲುಗೊಳ್ಳುತ್ತವೆ. 1950ರಲ್ಲಿ ಅಂದಿನ ಕೇಂದ್ರ ಆಹಾರ ಮತ್ತು ಕೃಷಿ ಸಚಿವ ಕೆ. ಎಂ. ಮುನ್ಶಿಯವರು ದೇಶದಲ್ಲಿ ವನಮಹೋತ್ಸವಕ್ಕೆ ಚಾಲನೆ ನೀಡಿದಂದಿನಿಂದ ಇದು ಒಂದು ಸಂಪ್ರದಾಯವಾಗಿ ಬೆಳೆದುಬಂದಿದೆ. ಮಕ್ಕಳ ಕೈಗೆ ಗಿಡ ಕೊಟ್ಟು ಮಣ್ಣು ಮುಟ್ಟಿಸುವ ಯಾವ ಕಾರ್ಯಕ್ರಮವೂ ಒಳ್ಳೆಯದೇ ಎಂಬ ವಿಷಯದಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಸಮಾರಂಭಕ್ಕೆ ಎರಡು ದಿನ ಮುಂಚೆ ಅದೇ ಗುಡ್ಡೆಯಲ್ಲಿ ನಡೆಯುವ ಇನ್ನೊಂದು ಕೆಲಸದ ಕುರಿತು ಎರಡು ಮಾತು ಹೇಳಲೇಬೇಕಾಗಿದೆ.

ಗಿಡ ನೆಡುವ ಜಾಗ ಚೊಕ್ಕವಾಗಿರಬೇಕೆಂಬುದು ನಮ್ಮವರ ಅಭಿಪ್ರಾಯ. ಅತಿಥಿಗಳು ಬರುವವರು, ಫೋಟೋ ತೆಗೆಯುವವರು. ಕಾಡು ಬಳ್ಳಿಗಳ ನಡುವೆ ಅವರನ್ನು ನಿಲ್ಲಿಸುವುದು ಹೇಗೆ? ಆದುದರಿಂದ ಕತ್ತಿ ಹಿಡಿದವರು ಮುಂಚಿತವಾಗಿ ಗುಡ್ಡೆ ಹತ್ತುತ್ತಾರೆ. ಎದೆಯೆತ್ತರಕ್ಕೆ ಬೆಳೆದ ನೆಕ್ಕರಿಕ, ಕೇಪಳ, ಆಳೆತ್ತರ ಮೀರಿದ ಉಪ್ಪಳಿಗೆ ಎಲ್ಲವೂ ‘ಕಾಡುಕಸ’ವೆಂಬ ಹೆಸರಿನಲ್ಲಿ ನೆಲ ಕಾಣುತ್ತವೆ. ಇತ್ತೀಚಿನ ವರ್ಷಗಳಲ್ಲಿ ಕತ್ತಿಯ ಬದಲು ಜೆಸಿಬಿ ಬರುವುದೂ ಉಂಟು. ಹೀಗೆ ಬೋಳಾದ ನೆಲದಲ್ಲಿ ಮಹಾಗನಿಯದೋ ಗುಲ್‌ಮೊಹರಿನದೋ ಗಿಡಗಳನ್ನು ಸಾಲಾಗಿ ಊರಿ, ಭಾಷಣ ಮುಗಿಸಿ, ಎಲ್ಲರೂ ಮರಳುತ್ತಾರೆ. ಮುಂದಿನ ಮಾರ್ಚಿನ ಬಿಸಿಲಿಗೆ ಆ ಗಿಡಗಳಲ್ಲಿ ಎಷ್ಟು ಉಳಿದವೆಂದು ಲೆಕ್ಕ ಹಾಕಲು ಯಾರೂ ಗುಡ್ಡೆ ಹತ್ತುವುದಿಲ್ಲ. ತಾನಾಗಿಯೇ ತೊಡಗಿದ್ದ ಒಂದು ಕಾಡನ್ನು ಕಡಿದು, ತೊಡಗದೇ ಇರುವ ಇನ್ನೊಂದು ಕಾಡನ್ನು ನೆಟ್ಟಂತಾಯಿತು, ಅಷ್ಟೆ. ಈ ಪದ್ಧತಿ ನಿಲ್ಲಬೇಕೆಂಬುದು ನಮ್ಮ ಸ್ಪಷ್ಟ ಅಭಿಮತ.

ಕಡಿದು ಹಾಕಿದ ಆ ಗಿಡಗಳು ಯಾವುವು, ಅವು ಅಲ್ಲಿ ಏನು ಮಾಡುತ್ತಿದ್ದವು ಎಂಬುದನ್ನು ತುಸು ವಿಚಾರ ಮಾಡೋಣ. ಸಸ್ಯಶಾಸ್ತ್ರಜ್ಞರು ಇವನ್ನು ಅಗ್ರಗಾಮಿ ಸಸ್ಯಗಳೆಂದು ಕರೆಯುತ್ತಾರೆ. ಬೆಂಕಿ ಬಿದ್ದ, ಕಡಿದು ಬಿಟ್ಟ, ಕುಸಿದುಬಿದ್ದ ನೆಲಕ್ಕೆ ಎಲ್ಲರಿಗಿಂತ ಮುಂಚೆ ಬರುವವು ಇವು. ಇವುಗಳ ಬೀಜ ಸಣ್ಣದು, ಆದರೆ ರಾಶಿ ರಾಶಿ. ಹಕ್ಕಿಗಳ ಹೊಟ್ಟೆಯಿಂದಲೋ ಗಾಳಿಯಿಂದಲೋ ಎಲ್ಲೆಡೆ ಬೀಳುವ ಈ ಬೀಜಗಳಲ್ಲಿ ಹಲವು ಮಣ್ಣಿನೊಳಗೆ ಬಹುಕಾಲ ನಿದ್ರಿಸಬಲ್ಲವು. ಮೇಲಿನ ನೆರಳು ಹೋಗಿ, ಬಿಸಿಲು ನೇರವಾಗಿ ಬಿದ್ದು, ಹಗಲು ಕಾದು ರಾತ್ರಿ ತಣಿಯುವ ಮಣ್ಣಿನ ಏರಿಳಿತ ತಟ್ಟಿದಾಗ ಅವು ಏಳುತ್ತವೆ. ಎದ್ದ ಮೇಲೆ ಬೆಳವಣಿಗೆ ಬಲು ಬೇಗ; ಮರದ ತಿರುಳು ಮೆದು; ಆಯುಷ್ಯ ಕಡಿಮೆ. ಧೂಪ, ಕಿರಾಲುಬೋಗಿಯಂಥ ಮರಗಳು ತಲೆಮಾರುಗಳ ಲೆಕ್ಕದಲ್ಲಿ ಬಾಳಿದರೆ ಇವು ಕೆಲವೇ ದಶಕಗಳಲ್ಲಿ ತಮ್ಮ ಆಟ ಮುಗಿಸುತ್ತವೆ. ಆ ಅವಧಿಯೊಳಗೆ ಇವು ಮಾಡಿಹೋಗುವ ಕೆಲಸದ ಮೇಲೆ ಮುಂದಿನ ನೂರು ವರ್ಷಗಳ ಕಾಡು ನಿಂತಿದೆ.

ಮೊದಲು ನೆಕ್ಕರಿಕವನ್ನೇ ನೋಡೋಣ. ಅದರ ಹಣ್ಣು ತಿಂದು ನಾಲಗೆ ಕಪ್ಪು ಮಾಡಿಕೊಳ್ಳದ ಮಕ್ಕಳು ನಮ್ಮ ಹಳ್ಳಿಗಳಲ್ಲಿ ಹಿಂದೆ ಇರಲಿಲ್ಲ. ನಮ್ಮ ಮುರಕಲ್ಲಿನ ಗುಡ್ಡೆಗಳ ಮಣ್ಣು ಹುಳಿಮಣ್ಣು. ಸಾವಿರಾರು ವರ್ಷಗಳ ಮಳೆಗೆ ಸುಣ್ಣ, ಪೊಟ್ಯಾಷ್ ಮುಂತಾದ ಸಾರವೆಲ್ಲ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯುಮಿನಿಯಂ ಅಂಶ ಉಳಿದಿರುವ ಮಣ್ಣು. ಇಂಥ ಮಣ್ಣಿನಲ್ಲಿ ಕರಗಿಬರುವ ಅಲ್ಯುಮಿನಿಯಂ ಬಹುಪಾಲು ಗಿಡಗಳ ಬೇರಿಗೆ ವಿಷಪ್ರಾಯ. ನೆಕ್ಕರಿಕವಾದರೋ ಅದನ್ನು ಹೀರಿ ತನ್ನ ಎಲೆಗಳಲ್ಲೇ ಶೇಖರಿಸಿಕೊಂಡು ಸುಖವಾಗಿ ಬೆಳೆಯುತ್ತದೆ. ಹೊಸದಾಗಿ ಕಡಿದ ದರೆಯ ಮೈಗೆ, ಕೆಂಪುಕಲ್ಲಿನ ಕೋರೆಯ ಅಂಚಿಗೆ, ಜರಿಗಿಡಗಳ ಜೊತೆ ಮೊದಲು ಹತ್ತಿಕೊಳ್ಳುವುದು ಇದೇ. ಇದರ ಬೇರು ಮಣ್ಣನ್ನು ಹಿಡಿಯುತ್ತದೆ, ಬುಡದಲ್ಲಿ ತರಗೆಲೆ ನಿಲ್ಲುತ್ತದೆ, ಮಳೆಯ ಹನಿ ನೇರವಾಗಿ ನೆಲಕ್ಕೆ ಬಡಿಯುವುದು ತಪ್ಪುತ್ತದೆ.

ಇನ್ನು ಉಪ್ಪಳಿಗೆ, ಮಲಯಾಳದವರು ವಟ್ಟ ಎಂದು ಕರೆಯುವ ಮರ. ಎಲೆಯ ತೊಟ್ಟು ಅಂಚಿನಲ್ಲಿರದೆ ಒಳಭಾಗದಲ್ಲಿ ಕೊಡೆಯ ಹಿಡಿಯಂತೆ ಸೇರಿರುವುದರಿಂದ ಇದನ್ನು ಯಾರೂ ಗುರುತು ತಪ್ಪುವಂತಿಲ್ಲ. ಹಟ್ಟಿಗೆ ಸೊಪ್ಪು ಹಾಕಲು, ಕೊಟ್ಟಿಗೆ ಬೇಯಿಸಲು ಈ ಎಲೆ ಉಪಯೋಗಕ್ಕೆ ಬರುತ್ತದೆ. ಮರಮುಟ್ಟಿಗೆ ಆಗದೆಂಬ ಕಾರಣಕ್ಕಾಗಿ ಮಾತ್ರ ಇದು ಎಲ್ಲರಿಂದ ತಾತ್ಸಾರಕ್ಕೆ ಒಳಗಾಗಿದೆ. ಆದರೆ ಇದರ ಅಗಲವಾದ ಎಲೆಗಳು ಕೆಲವೇ ಮಳೆಗಾಲಗಳಲ್ಲಿ ಗುಡ್ಡೆಗೆ ಮಾಡು ಹೊದೆಸುತ್ತವೆ. ಕೆಳಗಿನ ಮಣ್ಣು ತಂಪಾಗುತ್ತದೆ. ಬಿಸಿಲಿಲ್ಲದೆ ಬಾಳಲಾರದ ಮುಳಿಹುಲ್ಲು ಹಿಂದೆ ಸರಿಯುತ್ತದೆ. ಹುಲ್ಲು ಸರಿದರೆ ಬೇಸಗೆಯ ಬೆಂಕಿಗೆ ಆಹಾರ ತಗ್ಗುತ್ತದೆ. ಎಲ್ಲಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ ಉಪ್ಪಳಿಗೆಯ ಸ್ವಂತ ಮರಿಗಳು ಉಪ್ಪಳಿಗೆಯ ನೆರಳಿನಲ್ಲಿ ಬೆಳೆಯಲಾರವು. ಅವಕ್ಕೆ ಬಿಸಿಲೇ ಬೇಕು. ತನ್ನ ಸಂತಾನಕ್ಕೆ ಒದಗದ ನೆರಳನ್ನು ಅದು ಪರರ ಸಂತಾನಕ್ಕಾಗಿ ಹಾಸುತ್ತದೆ. ಹೆಬ್ಬಲಸು, ಪುನರ್ಪುಳಿ, ರೆಂಜೆ ಮುಂತಾದವುಗಳ ಎಳೆಯ ಗಿಡಗಳಿಗೆ ಬೇಕಾದುದು ಇಂಥ ಅರೆನೆರಳೇ.

ಆ ಗಿಡಗಳು ಅಲ್ಲಿಗೆ ಬರುವುದು ಹೇಗೆ? ಬೋಳು ಗುಡ್ಡೆಯಲ್ಲಿ ಹಕ್ಕಿಗೆ ಕೂರಲು ಎಡೆಯಿಲ್ಲ, ತಿನ್ನಲು ಕಾಳಿಲ್ಲ. ಅದು ಹಾದುಹೋಗುತ್ತದೆ, ಇಳಿಯುವುದಿಲ್ಲ. ಉಪ್ಪಳಿಗೆ ಕಾಯಿ ಬಿಟ್ಟ ವರ್ಷ ಪಿಕಳಾರ, ಕುಟ್ರುಹಕ್ಕಿಗಳು ಬಂದು ಕೂರುತ್ತವೆ. ಬೇರೆಡೆ ತಿಂದು ಬಂದ ಹಣ್ಣಿನ ಬೀಜ ಅಲ್ಲಿ ಬೀಳುತ್ತದೆ. ರಾತ್ರಿ ಬಾವಲಿಗಳ ಸರದಿ. ಪೊದೆ ದಟ್ಟವಾದಂತೆ ಪುನುಗುಬೆಕ್ಕು ಓಡಾಡತೊಡಗುತ್ತದೆ. ಬೈನೆಮರದ ಬೀಜ ಅದರ ಹಿಕ್ಕೆಯೊಡನೆ ಬರುತ್ತದೆ. ದೊಡ್ಡ ಬೀಜದ ಹಣ್ಣುಗಳಿಗೆ ಮಂಗಟ್ಟೆಯಂಥ ದೊಡ್ಡ ಕೊಕ್ಕಿನ ಹಕ್ಕಿಯೇ ಬೇಕು. ಇವಲ್ಲದೆ ಕಡಿದ ಬುಡಗಳಿಂದಲೇ ಚಿಗುರುವ ಕಾಸರಕ, ಮರುವ, ಬೆಂಕಿಗೂ ಜಗ್ಗದ ದಡ್ಡಾಲ ಇದ್ದೇ ಇವೆ. ಹೀಗೆ ಒಂದರ ಬೆನ್ನಿಗೆ ಒಂದಾಗಿ ಗುಡ್ಡೆ ತುಂಬುತ್ತದೆ. ಇದಕ್ಕೆ ನರ್ಸರಿಯ ಖರ್ಚಿಲ್ಲ, ಪ್ಲಾಸ್ಟಿಕ್ ತೊಟ್ಟೆಗಳಿಲ್ಲ, ನೀರೆರೆಯುವ ಕೂಲಿಯೂ ಇಲ್ಲ.

ಈ ಜ್ಞಾನ ನಮ್ಮ ಹಿರಿಯರಿಗೆ ಹೊಸದೇನೂ ಆಗಿರಲಿಲ್ಲ. ಈ ಜಿಲ್ಲೆಯ ಬಹುಭಾಗ 1956ರ ವರೆಗೆ ದಕ್ಷಿಣ ಕನ್ನಡಕ್ಕೆ ಸೇರಿತ್ತು. ಆ ಜಿಲ್ಲೆಯ ಮಲೆಗಳಲ್ಲಿ ಕುಮರಿ ಬೇಸಾಯ ರೂಢಿಯಲ್ಲಿತ್ತು. ನಮ್ಮ ಮೂಡಣ ಗುಡ್ಡೆಗಳ ಮಾವಿಲರು, ಮಲವೇಟ್ಟುವರು ಅದನ್ನೇ ಪುನಂ ಎಂಬ ಹೆಸರಿನಲ್ಲಿ ನಡೆಸಿಕೊಂಡು ಬಂದವರು. ಒಂದೆರಡು ಬೆಳೆ ತೆಗೆದು ಜಾಗವನ್ನು ಕಾಡಿಗೆ ಬಿಟ್ಟು ಮುಂದೆ ಹೋಗುವುದು, ಹಲವು ವರ್ಷ ಕಳೆದು ಮರಳುವುದು ಅದರ ಕ್ರಮ. ಬಿಟ್ಟ ಜಾಗದಲ್ಲಿ ಯಾವ ಗಿಡ ಮೊದಲು ಬಂದಿದೆ, ಅದರಡಿ ಯಾವುದು ಎದ್ದಿದೆ ಎಂದು ನೋಡಿ ಮಣ್ಣಿನ ಬಲ ತಿಳಿಯುತ್ತಿದ್ದರು. 1860ರಲ್ಲಿ ಮದ್ರಾಸ್ ಸರಕಾರವು ಸರಕಾರಿ ಕಾಡುಗಳಲ್ಲಿ ಅಪ್ಪಣೆಯಿಲ್ಲದ ಕುಮರಿಯನ್ನು ನಿಷೇಧಿಸಿತು. ಕುಮರಿ ಒಳ್ಳೆಯದೋ ಕೆಟ್ಟದೋ ಎಂಬ ಹಳೆಯ ಚರ್ಚೆಯನ್ನು ಇಲ್ಲಿ ಎತ್ತುವ ಉದ್ದೇಶ ನಮಗಿಲ್ಲ. ಬಿಟ್ಟ ನೆಲ ತಾನಾಗಿಯೇ ಕಾಡಾಗುತ್ತದೆಂಬ ನಂಬಿಕೆಯ ಮೇಲೆ ಒಂದು ಬೇಸಾಯವೇ ನಿಂತಿತ್ತೆಂಬುದನ್ನು ಮಾತ್ರ ಜ್ಞಾಪಿಸುತ್ತೇವೆ.

ಇದಕ್ಕೆ ಲೋಕಪ್ರಸಿದ್ಧವಾದ ನಿದರ್ಶನ ಇಂಡೋನೇಶಿಯದ ಕ್ರಕಟೋವ ದ್ವೀಪ. 1883ರ ಆಗಸ್ಟಿನಲ್ಲಿ ಅಲ್ಲಿನ ಜ್ವಾಲಾಮುಖಿ ಸಿಡಿದು ದ್ವೀಪದ ಬಹುಭಾಗ ಸಮುದ್ರ ಸೇರಿತು. ಉಳಿದ ನೆಲ ಬೂದಿಯಲ್ಲಿ ಹೂತುಹೋಯಿತು. ಮರುವರ್ಷ ಅಲ್ಲಿಗೆ ಹೋದವರಿಗೆ ಕಂಡ ಜೀವಿ ಒಂದು ಪುಟ್ಟ ಜೇಡ ಮಾತ್ರ. 1886ರಲ್ಲಿ ಹೋದ ಸಸ್ಯಶಾಸ್ತ್ರಜ್ಞ ಮೆಲ್ಕಿಯೋರ್ ಟ್ರಾಯಿಬ್ ಜರಿಗಿಡಗಳು ಬೂದಿಯ ಮೇಲೆ ಹಬ್ಬಿರುವುದನ್ನು ಕಂಡರು. ಅನಂತರ ಹುಲ್ಲು ಬಂತು. ಕಡಲ ಕರೆಯಲ್ಲಿ ಗಾಳಿಮರ ಬಂತು. ಒಳನಾಡಿನಲ್ಲಿ ನಮ್ಮ ಉಪ್ಪಳಿಗೆಯದೇ ದಾಯಾದಿಯಾದ ಒಂದು ಮರ ಬಂತು. ಹಕ್ಕಿ ಬಾವಲಿಗಳು ಅತ್ತಿ ಗೋಳಿಗಳ ಬೀಜ ತಂದವು. ಸುಮಾರು 50 ವರ್ಷಗಳೊಳಗೆ ಅಲ್ಲಿ ಮತ್ತೆ ಕಾಡು ಮುಚ್ಚಿಕೊಂಡಿತು. ಯಾರೂ ಅಲ್ಲಿ ವನಮಹೋತ್ಸವ ಆಚರಿಸಿರಲಿಲ್ಲ.

ಹಾಗಾದರೆ ಮೊದಲು ಬಂದುದೆಲ್ಲ ಒಳ್ಳೆಯದೇ, ಕೈಕಟ್ಟಿ ಕುಳಿತರೆ ಸಾಕೇ ಎಂಬ ಪ್ರಶ್ನೆ ಏಳುವುದು ಸಹಜ. ಇಲ್ಲಿಯೇ ವಿವೇಚನೆ ಅಗತ್ಯ. ಅಮೇರಿಕದ ಫ್ರೆಡರಿಕ್ ಕ್ಲೆಮೆಂಟ್ಸ್ 1916ರಲ್ಲಿ ಸಸ್ಯಾನುಕ್ರಮವನ್ನು ವಿವರಿಸುವಾಗ, ಮೊದಲಿನವು ನೆಲ ಹದ ಮಾಡುತ್ತವೆ, ಅನಂತರದವು ಬಂದು ನೆಲೆಸುತ್ತವೆ ಎಂದು ನಿಯತ ಮೆಟ್ಟಿಲುಗಳ ಚಿತ್ರ ಕೊಟ್ಟಿದ್ದರು. 1977ರಲ್ಲಿ ಜೋಸೆಫ್ ಕಾನೆಲ್ ಮತ್ತು ರಾಲ್ಫ್ ಸ್ಲೇಟಿಯರ್ ಎಂಬ ವಿಜ್ಞಾನಿಗಳು ಆ ಚಿತ್ರ ಅಪೂರ್ಣವೆಂದು ತೋರಿಸಿದರು. ಮೊದಲು ಬಂದವು ಮುಂದಿನವಕ್ಕೆ ನೆರವಾಗಬಹುದು. ನೆರವೂ ಅಡ್ಡಿಯೂ ಆಗದೆ ಸುಮ್ಮನಿರಬಹುದು. ಇಲ್ಲವೇ ಬಾಗಿಲು ಹಾಕಿ ಯಾರನ್ನೂ ಒಳಗೆ ಬಿಡದೆಯೂ ಇರಬಹುದು. ಯಾರು ಮೊದಲು ಬರುತ್ತಾರೆಂಬುದರ ಮೇಲೆ ಅನಂತರ ಯಾರು ಬರುತ್ತಾರೆಂಬುದು ನಿರ್ಣಯವಾಗುತ್ತದೆ. ನಮ್ಮ ಗುಡ್ಡೆಗಳಿಗೆ ಈ ಮಾತು ಅಕ್ಷರಶಃ ಅನ್ವಯಿಸುತ್ತದೆ.

ಬಾಗಿಲು ಹಾಕುವ ಜಾತಿಗೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಕಮ್ಯುನಿಸ್ಟ್ ಪಚ್ಚವೆಂದು ಕೇರಳದಲ್ಲೆಲ್ಲ ಹೆಸರಾದ ಗಿಡ ಮೂಲತಃ ಅಮೇರಿಕ ಖಂಡದ್ದು. ಗಾಳಿಗೆ ಹಾರುವ ಅದರ ಬೀಜ ತೆರವಾದ ನೆಲವನ್ನೆಲ್ಲ ಒಂದೆರಡು ಮಳೆಗಾಲಗಳಲ್ಲಿ ಆವರಿಸುತ್ತದೆ. ಅದರಲ್ಲಿ ಹಕ್ಕಿಗೆ ಬೇಕಾದ ಹಣ್ಣಿಲ್ಲ. ಬೇಸಗೆಯಲ್ಲಿ ಅದು ಒಣಗಿ ನಿಂತು ಬೆಂಕಿಯನ್ನು ಕರೆಯುತ್ತದೆ. ಬೆಂಕಿ ಇತರ ಗಿಡಗಳನ್ನು ಸುಟ್ಟ ಮೇಲೆ ತಾನು ಬುಡದಿಂದ ಮತ್ತೆ ಚಿಗುರುತ್ತದೆ. ಲಂಟಾನದ ಕತೆ ತುಸು ಭಿನ್ನ. ಅದಕ್ಕೆ ಹಣ್ಣುಂಟು, ಹಕ್ಕಿಗಳೂ ಬರುತ್ತವೆ. ಆದರೆ ಅದರ ಮುಳ್ಳಿನ ಹೆಣಿಗೆಯೊಳಗೆ ಬಿದ್ದ ಬೀಜಕ್ಕೆ ಮೇಲೇಳುವ ಅವಕಾಶ ಕಡಿಮೆ. ಇವೂ ಅಗ್ರಗಾಮಿಗಳೇ, ಆದರೆ ಬೇರೆ ಊರಿನವು. ಉಪ್ಪಳಿಗೆಯನ್ನು ಕಡಿದ ಕಡೆ ಮರುವರ್ಷ ಮೊಳೆಯುವುದು ಬಹುಮಟ್ಟಿಗೆ ಇವೇ ಎಂಬುದನ್ನು ‘ಚೊಕ್ಕ’ ಮಾಡುವವರು ಗಮನಿಸಬೇಕು. ಕತ್ತಿ ನಮಗೆ ಬೇಡವಾದುದನ್ನು ಕಡಿಯುವುದಿರಲಿ, ಬೇಡವಾದುದಕ್ಕೇ ದಾರಿ ಬಿಡುತ್ತಿದೆ.

ಸಾಮಾಜಿಕ ಅರಣ್ಯದ ಹೆಸರಿನಲ್ಲಿ 1980ರ ದಶಕದಿಂದ ಎಲ್ಲೆಡೆ ಹರಡಿದ ಅಕೇಶಿಯ ಇನ್ನೊಂದು ಉದಾಹರಣೆ. ಅದರ ವಿಷಯದಲ್ಲಿ ನ್ಯಾಯ ತಪ್ಪಬಾರದು. ಆಸ್ಟ್ರೇಲಿಯ ಮತ್ತು ನ್ಯೂಗಿನಿಯ ಆ ಮರ ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿಯಬಲ್ಲದು, ಬೇರೇನೂ ಬಾರದ ಮುರಕಲ್ಲಿನಲ್ಲಿ ಹಸುರು ತಂದಿದೆ, ಸೌದೆ ಕೊಟ್ಟಿದೆ. ಬೆಂಕಿ ಬೀಳದ, ತರಗೆಲೆ ಗುಡಿಸದ ಅಕೇಶಿಯ ತೋಪಿನಡಿ ನಮ್ಮ ಗಿಡಗಳು ಮೆಲ್ಲನೆ ತಲೆಯೆತ್ತುವುದೂ ಉಂಟು. ಆದರೆ ಅದರ ದಪ್ಪ ತರಗೆಲೆ ಬೇಗ ಕೊಳೆಯದು, ಬೆಂಕಿಗೆ ಬೇಗ ಸಿಗುತ್ತದೆ. ಬೆಂಕಿಯಾದ ಮೇಲೆ ಅದರ ಬೀಜವೇ ಒತ್ತಾಗಿ ಮೊಳೆಯುತ್ತದೆ. ವಯನಾಡಿನಲ್ಲಿ ನೆರಳಿಗಾಗಿ ತಂದು ನೆಟ್ಟ ಮಂಞಕ್ಕೊನ್ನ ಎಂಬ ಹಳದಿ ಹೂವಿನ ಮರ ವನ್ಯಜೀವಿ ಧಾಮದೊಳಕ್ಕೆ ನುಗ್ಗಿ, ಇಂದು ಅದನ್ನು ಕಿತ್ತೊಗೆಯಲು ಇಲಾಖೆ ಹೆಣಗುವಂತಾಗಿದೆ. ಕೇರಳ ಸರಕಾರ 2021ರಲ್ಲಿ ಅರಣ್ಯ ಪುನಃಸ್ಥಾಪನೆಯ ನೀತಿಯೊಂದನ್ನು ಅಂಗೀಕರಿಸಿ, ಅಕೇಶಿಯ, ನೀಲಗಿರಿ ಮುಂತಾದ ತೋಪುಗಳನ್ನು ಹಂತಹಂತವಾಗಿ ಸಹಜ ಕಾಡಾಗಿ ಮಾರ್ಪಡಿಸುವ ಧ್ಯೇಯವನ್ನು ಮುಂದಿಟ್ಟಿದೆ. ಇದು ಸ್ವಾಗತಾರ್ಹ. ಆದರೆ ಒಂದೇ ಸಲಕ್ಕೆ ತೋಪನ್ನು ನೆಲಸಮ ಮಾಡಿದರೆ ತೆರವಾದ ಬಿಸಿಲಿಗೆ ಮೊದಲು ಬರುವುದು ಉಪ್ಪಳಿಗೆಯೋ ಪಚ್ಚವೋ ಎಂಬುದೇ ಆ ನೀತಿಯ ನಿಜವಾದ ಪರೀಕ್ಷೆ. ಮೊದಲ ಎರಡು ಮೂರು ವರ್ಷಗಳ ಕಾವಲಿಗೆ ಹಣವಿಡದೆ ಕಡಿಯುವುದಕ್ಕೆ ಮಾತ್ರ ಹಣವಿಟ್ಟರೆ ಪ್ರಯೋಜನವಾಗದು.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ಮರವಿಲ್ಲದ ಎಲ್ಲ ಜಾಗವೂ ಹಾಳಾದ ಕಾಡಲ್ಲ. ನಮ್ಮ ಮುರಕಲ್ಲಿನ ಪದವುಗಳು ಮಳೆಗಾಲದಲ್ಲಿ ಅವುಗಳದೇ ಆದ ಲೋಕ. ಪಳ್ಳಗಳಲ್ಲಿ ನೀರು ನಿಂತು, ಬಂಡೆಯ ಮೇಲಿನ ಬೆರಳೆತ್ತರದ ಮಣ್ಣಿನಲ್ಲಿ ಬಿಳಿ ನೀಲಿ ಹೂಗಳ ಪುಟ್ಟ ಗಿಡಗಳು, ಹುಳು ಹಿಡಿದು ತಿನ್ನುವ ಸಣ್ಣ ಸಸ್ಯಗಳು ಕೆಲವು ತಿಂಗಳು ಬಾಳಿ ಮರೆಯಾಗುತ್ತವೆ. ಅಲ್ಲಿ ಗುಂಡಿ ತೋಡಿ ಮರ ನೆಡುವುದು ಉಪಕಾರವಲ್ಲ. ಕಾಡು ಕಳೆದುಕೊಂಡ ಗುಡ್ಡೆಯ ಇಳಿಜಾರು ಯಾವುದು, ಹುಟ್ಟಾ ತೆರೆದಿದ್ದ ಪದವು ಯಾವುದು ಎಂದು ಊರಿನ ಹಿರಿಯರನ್ನು ಕೇಳಿದರೆ ತಿಳಿಯುತ್ತದೆ. ನೆಕ್ಕರಿಕ, ಉಪ್ಪಳಿಗೆ ತಾವಾಗಿ ಏಳುತ್ತಿರುವ ಕಡೆ ಕಾಡಿಗೆ ಎಡೆಯುಂಟೆಂದು ಆ ಗಿಡಗಳೇ ಸಾಕ್ಷಿ ಹೇಳುತ್ತವೆ.

ಹೀಗೆ ಬಿಟ್ಟು ಬೆಳೆಸಿದ ಕಾಡು ಕೈಗೂಡುವುದುಂಟೇ ಎಂದು ಸಂಶಯಿಸುವವರು ನಮ್ಮ ಜಿಲ್ಲೆಯ ಪರಪ್ಪದ ಹತ್ತಿರದ ಪುಳಿಯಂಕುಳಕ್ಕೆ ಹೋಗಿ ಬರಲಿ. ನೀಲೇಶ್ವರದ ಅಬ್ದುಲ್ ಕರೀಂ ಅವರು 1977ರಲ್ಲಿ ಅಲ್ಲಿ 5 ಎಕ್ರೆ ಬರಡು ಮುರಕಲ್ಲಿನ ಜಾಗ ಕೊಂಡಾಗ ಜನ ನಕ್ಕಿದ್ದರು. ಮೊದಲ ಗಿಡಗಳು ಒಣಗಿ ಸತ್ತವು. ದೂರದಿಂದ ದ್ವಿಚಕ್ರ ವಾಹನದಲ್ಲಿ ನೀರು ಹೊತ್ತು ತಂದು ಎರೆದು ಕೆಲವನ್ನು ಉಳಿಸಿಕೊಂಡರು. ಅವು ಬೇರು ಬಿಟ್ಟ ಮೇಲೆ ಹಕ್ಕಿಗಳು ಬಂದವು. ಹಕ್ಕಿಗಳೊಡನೆ ಅವರು ನೆಡದ ಗಿಡಗಳೂ ಬಂದವು. ಮುಂದೆ ಜಾಗವನ್ನು ವಿಸ್ತರಿಸಿ ಒಟ್ಟು 32 ಎಕ್ರೆಯ ಕಾಡಾಗಿ ಬೆಳೆಸಿದರು. ಕಳೆ ಕೀಳದೆ, ರೆಂಬೆ ಸವರದೆ, ತರಗೆಲೆ ಗುಡಿಸದೆ ಬಿಟ್ಟುದೇ ಅವರ ಪದ್ಧತಿ. ಒಣಗಿದ್ದ ಬಾವಿಯಲ್ಲಿ ನೀರು ನಿಂತಿತೆಂಬುದು ಈಗ ನಾಡಿಗೆಲ್ಲ ತಿಳಿದ ವಿಷಯ. ಇತ್ತ ವಯನಾಡಿನ ಪೆರಿಯದಲ್ಲಿ ಜರ್ಮನಿಯಿಂದ ಬಂದು ನೆಲೆಸಿದ ವುಲ್ಫ್‌ಗಾಂಗ್ ಥಾಯರ್‌ಕಾಫ್ 1981ರಲ್ಲಿ ಆರಂಭಿಸಿದ ಗುರುಕುಲ ಸಸ್ಯಧಾಮವೂ ಇದೇ ತಾಳ್ಮೆಯ ಪಾಠವನ್ನು ಹೇಳುತ್ತದೆ. ಕಾಡನ್ನು ನಾವು ಕಟ್ಟಲಾರೆವು. ಅದು ಕಟ್ಟಿಕೊಳ್ಳುವಾಗ ಅಡ್ಡ ಬರದೆ ಕೈ ನೀಡಬಹುದು.

ಕೈ ನೀಡಬೇಕಾದ ಎಡೆಯೂ ಉಂಟು. ಧೂಪದ ಬೀಜ ದೊಡ್ಡದು, ಭಾರದ್ದು. ತಾಯಿಮರದ ಬುಡದಲ್ಲೇ ಬೀಳುತ್ತದೆ. ಕೆಲವೇ ವಾರಗಳೊಳಗೆ ಮೊಳೆಯದಿದ್ದರೆ ಕೆಟ್ಟುಹೋಗುತ್ತದೆ. ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯಲಾರದು, ಹಕ್ಕಿಯ ಹೊಟ್ಟೆಯಲ್ಲಿ ಪಯಣ ಮಾಡಲಾರದು. ಆದುದರಿಂದ ಹತ್ತಿರದಲ್ಲಿ ನಾಗಬನವೋ ಕಾವೋ ಇರುವ ಗುಡ್ಡೆ ಬಗೆಬಗೆಯ ಮರಗಳಿಂದ ತುಂಬುತ್ತದೆ. ಅಂಥ ಬೀಜದ ಮೂಲವಿಲ್ಲದ ಗುಡ್ಡೆ ನಾಲ್ಕಾರು ಜಾತಿಗಳಲ್ಲೇ ನಿಂತುಬಿಡುತ್ತದೆ. ತ್ರಿಕ್ಕರಿಪುರ ಬಳಿಯ ಇಡಯಿಲೆಕ್ಕಾಡು ಕಾವು, ಮಲೆನಾಡ ಬದಿಯ ಕಮ್ಮಾಡಂ ಕಾವುಗಳಂಥ ತಾಣಗಳ ಬೆಲೆ ಇಲ್ಲಿದೆ. ಮನೆಮನೆಯ ಸಣ್ಣ ಬನಗಳದೂ ಅದೇ ಬೆಲೆ. ಬನವನ್ನು ಸವರಿ ಸಿಮೆಂಟಿನ ಕಟ್ಟೆ ಕಟ್ಟುವ ಭಕ್ತರು ಇಡೀ ಊರಿನ ಬೀಜದ ಕಣಜವನ್ನೇ ಬರಿದು ಮಾಡುತ್ತಿದ್ದಾರೆಂಬುದನ್ನು ವಿನಯಪೂರ್ವಕವಾಗಿ ತಿಳಿಸಬಯಸುತ್ತೇವೆ. ಶಾಲಾ ಮಕ್ಕಳಿಂದ ಗಿಡ ನೆಡಿಸಬೇಕೆಂದಿದ್ದರೆ ಇಂಥ ಬನಗಳಿಂದ ಧೂಪ, ಕಿರಾಲುಬೋಗಿಗಳ ಬೀಜ ಹೆಕ್ಕಿ ತಂದು, ನಾಲ್ಕೈದು ವರ್ಷದ ಉಪ್ಪಳಿಗೆಯ ನೆರಳಿನಡಿ ಊರಿಸಲಿ. ಅದಕ್ಕಿಂತ ಅರ್ಥವತ್ತಾದ ವನಮಹೋತ್ಸವ ಬೇರೊಂದಿಲ್ಲ.

ಇಷ್ಟಕ್ಕೂ ಗುಡ್ಡೆಯ ಚಿಂತೆ ಬೈಲಿನವರಿಗೆ ಏಕೆಂದು ಕೇಳಬಹುದು. ಉತ್ತರ ನಮ್ಮ ಸುರಂಗಗಳಲ್ಲಿದೆ. ಗುಡ್ಡೆಯ ಮೈಗೆ ಅಡ್ಡಲಾಗಿ ತೋಡಿದ ಸುರಂಗದಿಂದ ನೀರು ಹರಿಸಿಕೊಂಡು ಕಂಗಿನ ತೋಟ ಮಾಡಿದ ನಾಡು ನಮ್ಮದು. ಕೇರಳದ 44 ನದಿಗಳಲ್ಲಿ 12 ಈ ಒಂದೇ ಜಿಲ್ಲೆಯಲ್ಲಿ ಹರಿಯುತ್ತಿದ್ದರೂ ಏಪ್ರಿಲ್ ಮೇ ತಿಂಗಳಲ್ಲಿ ನೀರಿಗೆ ತತ್ವಾರ. ಗುಡ್ಡೆಯ ಮೇಲೆ ಗಿಡ ಬಂದ ಮಾತ್ರಕ್ಕೆ ಹೆಚ್ಚು ಮಳೆ ಬರುತ್ತದೆಂದು ನಾವು ಹೇಳುವುದಿಲ್ಲ. ಬಂದ ಮಳೆ ತರಗೆಲೆಯ ಮೇಲೆ ಬಿದ್ದು, ಬೇರುಗಳ ಎಡೆಯಿಂದ ಮೆಲ್ಲನೆ ಇಂಗುತ್ತದೆ. ಬೋಳುನೆಲದಲ್ಲಾದರೆ ಮೇಲ್ಮಣ್ಣನ್ನೂ ಹೊತ್ತುಕೊಂಡು ಹೊಳೆ ಸೇರುತ್ತದೆ. ಮದಕಗಳಲ್ಲಿ ತುಂಬುವ ಹೂಳು ಇದೇ ಮಣ್ಣು. ಜೆಸಿಬಿಯಿಂದ ಒರಸಿದ ಗುಡ್ಡೆಯಂತೂ ಬೀಜವನ್ನೂ ಬುಡವನ್ನೂ ಮಣ್ಣನ್ನೂ ಒಟ್ಟಿಗೇ ಕಳೆದುಕೊಂಡಿರುತ್ತದೆ. ಕತ್ತಿ ಕಡಿದದ್ದು ಚಿಗುರೀತು. ಯಂತ್ರ ಒರಸಿದ್ದು ಚಿಗುರುವುದು ದೂರದ ಮಾತು.

ಕೃಷಿಕರ ಅಳಲನ್ನು ನಾವು ಮರೆತಿಲ್ಲ. ಮನೆ ಹಿಂದಿನ ಕುಮ್ಕಿಯಲ್ಲಿ ಪೊದೆ ಬೆಳೆದರೆ ಹಾವಿನ ಭಯ. ಹಂದಿ, ಮಂಗಗಳ ಉಪದ್ರ. ಕಾರಡ್ಕ, ಮುಳಿಯಾರು, ದೇಲಂಪಾಡಿ ಕಡೆಯವರಿಗೆ ಕಾಡಾನೆಗಳ ಕಾಟವೂ ಹೊಸದಲ್ಲ. ವರ್ಷವಿಡೀ ದುಡಿದ ತೋಟ ಒಂದೇ ರಾತ್ರಿಯಲ್ಲಿ ನೆಲಕಚ್ಚಿದವನಿಗೆ ಕಾಡಿನ ಉಪದೇಶ ಮಾಡುವುದು ಸುಲಭ, ಕೇಳುವುದು ಕಷ್ಟ. ಪರಿಹಾರಧನ ತಡವಿಲ್ಲದೆ ಸಿಗಬೇಕು, ಬೇಲಿಗಳು ದುರಸ್ತಿಯಲ್ಲಿರಬೇಕು ಎಂಬ ಅವರ ಬೇಡಿಕೆ ನ್ಯಾಯವಾದುದು. ಮನೆ ಹಾಗೂ ತೋಟದ ಸುತ್ತ ಒಂದಷ್ಟು ಅಂತರವನ್ನು ಸವರಿ ಇಟ್ಟುಕೊಳ್ಳುವುದನ್ನು ಯಾರೂ ಆಕ್ಷೇಪಿಸಲಾರರು. ಅದಕ್ಕಾಚೆಯ ಇಳಿಜಾರನ್ನು ಬಿಟ್ಟುಬಿಡಿರೆಂಬುದಷ್ಟೇ ನಮ್ಮ ವಿಜ್ಞಾಪನೆ. ಹಂದಿಗೆ ಹಗಲು ಅಡಗಲು ಪಚ್ಚ, ಲಂಟಾನಗಳ ಮೆಳೆ ಬಲು ಅನುಕೂಲ. ಮರದ ನೆರಳು ಮುಚ್ಚಿಕೊಂಡಂತೆ ಆ ಮೆಳೆ ತಾನಾಗಿಯೇ ತೆಳುವಾಗುತ್ತದೆ. ವರ್ಷವರ್ಷ ಕಡಿದು ಬಿಸಿಲು ಬಿಡುವುದೆಂದರೆ ಆ ಮೆಳೆಯನ್ನು ವರ್ಷವರ್ಷ ಬೆಳೆಸಿದಂತೆಯೇ.

ಮಾಡಬೇಕಾದುದು ಹೆಚ್ಚೇನೂ ಅಲ್ಲ. ಮೊದಲನೆಯದು ಬೆಂಕಿಯ ತಡೆ. ಜನವರಿ ಕಳೆದ ಮೇಲೆ ಗುಡ್ಡೆಯ ಸುತ್ತ ಒಂದು ಬೆಂಕಿದಾರಿ ಸವರಿಟ್ಟರೆ ಅರ್ಧ ಕೆಲಸವಾದಂತೆ. ಐದು ವರ್ಷ ಬೆಂಕಿ ಕಾಣದ ಗುಡ್ಡೆ ಗುರುತು ಸಿಗದಷ್ಟು ಬದಲಾಗುತ್ತದೆ. ಎರಡನೆಯದು, ಪಂಚಾಯತುಗಳು ಸಾರ್ವಜನಿಕ ಜಾಗಗಳಲ್ಲಿ ಪೊದೆ ಸವರುವ ಕೆಲಸ ಕೊಡುವಾಗ ಯಾವುದನ್ನು ಕಡಿಯಬೇಕು, ಯಾವುದನ್ನು ಬಿಡಬೇಕು ಎಂಬ ಪಟ್ಟಿಯನ್ನು ಕೆಲಸದವರ ಕೈಗೆ ಕೊಡಬೇಕು. ಪಚ್ಚವನ್ನು ಹೂ ಬಿಡುವ ಮೊದಲೇ ಬುಡಸಹಿತ ಕೀಳಲಿ. ಅದರ ನಡುವಿನ ಉಪ್ಪಳಿಗೆಯ ಮರಿಯನ್ನು ಗೂಟ ಹಾಕಿ ಗುರುತಿಸಿ ಕಾಯಲಿ. ಕೂಲಿ ಅಷ್ಟೇ, ಫಲ ನೂರು ಪಟ್ಟು. ಮೂರನೆಯದು, ಅರಣ್ಯ ಇಲಾಖೆಯ ನರ್ಸರಿಗಳು ಮಹಾಗನಿಯ ಬದಲು ನಮ್ಮ ಬನಗಳ ಮರಗಳನ್ನು ಬೆಳೆಸಿ ಹಂಚಲಿ. ಥಾಯ್ಲೆಂಡಿನ ಚಿಯಾಂಗ್ ಮಾಯ್ ವಿಶ್ವವಿದ್ಯಾಲಯದವರು 1994ರಿಂದ ಇದೇ ದಾರಿಯಲ್ಲಿ ಕೆಲಸ ಮಾಡುತ್ತ ಬಂದಿದ್ದಾರೆ. ಬೇಗ ನೆರಳು ಕೊಡುವ ಮತ್ತು ಹಕ್ಕಿಗಳನ್ನು ಕರೆಯುವ 20-30 ಜಾತಿಯ ಸ್ಥಳೀಯ ಮರಗಳನ್ನು ಮಾತ್ರ ನೆಟ್ಟು, ಉಳಿದುದನ್ನು ಹಕ್ಕಿಗಳಿಗೇ ಬಿಡುವುದು ಅವರ ಕ್ರಮ. ನಮ್ಮಲ್ಲಿ ಪೀಚಿಯ ಕೇರಳ ಅರಣ್ಯ ಸಂಶೋಧನ ಸಂಸ್ಥೆ 1975ರಿಂದ ಇದೆ. ಮುರಕಲ್ಲಿನ ಗುಡ್ಡೆಗಳಿಗೆ ತಕ್ಕ ಅಂಥದೊಂದು ಪಟ್ಟಿಯನ್ನು ಪ್ರತಿ ಪಂಚಾಯತಿಗೆ ಒದಗಿಸಲು ಅದು ಸಮರ್ಥವಾಗಿದೆ.

ಆ ಪಟ್ಟಿ ಕನ್ನಡದಲ್ಲಿಯೂ ಇರಬೇಕೆಂಬುದನ್ನು ನಾವು ಒತ್ತಿ ಹೇಳಬಯಸುತ್ತೇವೆ. ಇದು ಕೇವಲ ಭಾಷಾಭಿಮಾನದ ಮಾತಲ್ಲ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯತಿನಲ್ಲೂ ಊರಿನ ಸಸ್ಯ, ಪ್ರಾಣಿ, ಬಳಕೆಯ ತಿಳಿವಳಿಕೆಗಳನ್ನು ದಾಖಲಿಸುವ ಜನತಾ ಪುಸ್ತಕ ಇರಬೇಕಾಗಿದೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ನಮ್ಮ ಪಂಚಾಯತುಗಳಲ್ಲಿ ಆ ಪುಸ್ತಕ ಮಲಯಾಳದಲ್ಲಿ ಮಾತ್ರ ಬರೆದಿಟ್ಟರೆ ಉಪ್ಪಳಿಗೆ ‘ವಟ್ಟ’ವಾಗಿಯಷ್ಟೇ ಉಳಿಯುತ್ತದೆ, ಅದನ್ನು ಉಪ್ಪಳಿಗೆಯೆಂದು ಬಲ್ಲ ಅಜ್ಜಿಗೆ ಆ ಪುಸ್ತಕದಲ್ಲಿ ತನ್ನ ಗುಡ್ಡೆ ಕಾಣಿಸದು. ಹೆಸರಿನ ಜೊತೆಗೇ ತಿಳಿವಳಿಕೆ ಇರುತ್ತದೆ. ಯಾವ ಸೊಪ್ಪು ಹಟ್ಟಿಗೆ, ಯಾವ ಮರದ ನೆರಳಿನಲ್ಲಿ ಯಾವ ಮರಿ ಬರುತ್ತದೆ ಎಂಬುದನ್ನೆಲ್ಲ ಕನ್ನಡ, ತುಳು, ಹವ್ಯಕ, ಕರಾಡ ನುಡಿಗಳಲ್ಲಿ ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಅಧ್ಯಾಪಕರು ಈ ಮಳೆಗಾಲದಲ್ಲಿ ಮಕ್ಕಳನ್ನು ಹಿರಿಯರ ಜೊತೆ ಒಂದು ದಿನ ಗುಡ್ಡೆಗೆ ಕರೆದೊಯ್ದು ಗಿಡಗಳ ಹೆಸರು ಬರೆಸಲಿ. ಆ ಬರೆಹವನ್ನು ಪಂಚಾಯತಿನ ಸಮಿತಿಗೆ ಒಪ್ಪಿಸಿ, ಪುಸ್ತಕದಲ್ಲಿ ಸೇರಿಸಬೇಕೆಂದು ಕೇಳಲಿ. ಕೇಳುವ ಹಕ್ಕು ನಮಗಿದೆ. ಕೇಳದೆ ಸಿಕ್ಕಿದ್ದು ಕಡಿಮೆ.

ವನಮಹೋತ್ಸವ ನಡೆಯಲಿ. ಮಕ್ಕಳು ಗಿಡ ನೆಡಲಿ. ಆದರೆ ಈ ಸಲ ಕತ್ತಿ ಹಿಡಿದು ಮುಂಚಿತವಾಗಿ ಗುಡ್ಡೆ ಹತ್ತುವವರು ಒಂದು ಕ್ಷಣ ನಿಂತು ನೋಡಲಿ. ಎದುರಿಗಿರುವುದು ಪಚ್ಚವಾದರೆ ಕೀಳಲಿ, ಉಪ್ಪಳಿಗೆಯಾದರೆ ಬಿಡಲಿ. ಅತಿಥಿಗಳು ಸ್ವಲ್ಪ ಬಾಗಿ ನಡೆಯಬೇಕಾದೀತು; ಅದರಿಂದ ಯಾರ ಗೌರವಕ್ಕೂ ಕುಂದಿಲ್ಲ. ಪಂಚಾಯತು ಅಧ್ಯಕ್ಷರು, ಶಾಲಾ ಮುಖ್ಯೋಪಾಧ್ಯಾಯರು ಮತ್ತು ಅರಣ್ಯ ಇಲಾಖೆಯ ಅಧಿಕಾರಿಗಳು ಮಳೆ ಮುಗಿಯುವ ಮುನ್ನವೇ ಈ ವಿಷಯದ ಕಡೆಗೆ ಲಕ್ಷ್ಯ ಹರಿಸುವರೆಂದು ನಂಬುತ್ತೇವೆ.